ಗೃಹಿಣಿಯ ವಿಚಾರ: ಪೆಟ್ಟಿಗೆಯಲ್ಲಿ ಕಾದಿರುವ ಯಂತ್ರಗಳು

ವಿಜಯಪುರ ಜಿಲ್ಲೆಯ ಮಸೂತಿಯಿಂದ ಸಹೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿರುವರು. ಅವರ ಹೊಸಮನೆಯ ಕಟ್ಟಡವು ನಡೆದಿದೆ. ತೊಗರಿ ಮಾರಿದ ಹಣ ಕೈಯಲ್ಲಿರುವಾಗಲೇ ಕೊಂಡುಬಿಡುವದು ಲೇಸೆಂದು ಅವರ ಯಜಮಾನರು ಯುಗಾದಿಯ ರಿಯಾಯತಿಯಲ್ಲಿ ಆರು ಸೋಲಾರ್ ಪ್ಯಾನೆಲುಗಳು, ಒಂದು ಇನ್ವರ್ಟರು, ಎರಡು ಬ್ಯಾಟರಿಗಳು, ಒಂದು ದೊಡ್ಡ ಟಿ.ವಿ. ಇಷ್ಟನ್ನೂ ತಂದಿಳಿಸಿರುವರು. ಗೃಹಪ್ರವೇಶವಾದರೋ ದೀಪಾವಳಿ ಕಳೆದ ಮೇಲೆ. ನಡುವಿನ ಆರೇಳು ತಿಂಗಳು ಈ ಸಾಮಾನನ್ನು ಎಲ್ಲಿಡಬೇಕು? “ಅತ್ತೆಯವರು ಜೋಳದ ಕೋಣೆಯಲ್ಲಿಡು ಎನ್ನುವರು, ಮಾವನವರು ಅಟ್ಟಕ್ಕೇರಿಸಿರಿ ಎನ್ನುವರು, ನಮ್ಮ ಮನೆಯವರು ಹೊಸಮನೆಯ ಒಂದು ಕೋಣೆಗೆ ಬಾಗಿಲು ಕೂಡಿಸಿಯಾಗಿದೆ, ಅಲ್ಲಿಯೇ ಇಟ್ಟು ಕೀಲಿ ಹಾಕೋಣ ಎನ್ನುವರು. ನಾನು ಯಾರ ಮಾತು ಕೇಳಲಿ?” ಎಂದು ಅವರ ಪ್ರಶ್ನೆ.

ಮೂವರ ಮಾತನ್ನೂ ಕೇಳಲಾಗದು ಎಂಬದೇ ನನ್ನ ಉತ್ತರ. ಇದನ್ನು ಮನೆಯಲ್ಲಿ ಹೇಳುವ ಕಷ್ಟ ಆ ಸಹೋದರಿಯದು, ಬರೆಯುವ ಸುಖ ನನ್ನದು. ಆದುದರಿಂದ ಹೇಳುವಾಗ ಅವರಿಗೆ ಆಧಾರವಾಗಲೆಂದು ಕಾರಣಗಳನ್ನು ತುಸು ವಿಸ್ತಾರವಾಗಿಯೇ ಬರೆಯುವೆನು. ಈ ಪ್ರಶ್ನೆ ಅವರೊಬ್ಬರದೂ ಅಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿ, ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವ ಕುಟುಂಬಗಳಿಗೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿದ ಮೇಲೆ, ಇಂಥ ಪೆಟ್ಟಿಗೆಗಳು ಹಳ್ಳಿಯ ಪಡಸಾಲೆಗಳಲ್ಲಿಯೂ ಕಾಣತೊಡಗಿವೆ.

ಧಾನ್ಯವನ್ನು ಕಾದಿಡುವ ವಿದ್ಯೆಯನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ. ನೆಲದೊಳಗೆ ಹಗೇವು ತೋಡಿ ಜೋಳವನ್ನು ವರ್ಷಗಟ್ಟಲೆ ಕೆಡದಂತಿಟ್ಟವರು ನಮ್ಮ ಹಿರಿಯರು. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದು, ಮೊದಲು ದೀಪವನ್ನು ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ನಿಂತಿರುವದು ಎಂಬ ಎಚ್ಚರವೂ ಅವರಿಗಿತ್ತು. ಆದರೆ ಧಾನ್ಯಕ್ಕೆ ಹಿತವಾದುದು ಯಂತ್ರಕ್ಕೆ ಹಿತವಾಗಲೇಬೇಕೆಂಬ ನಿಯಮವಿಲ್ಲ. ಕಾಳಿಗೆ ಬೂದಿ ಬೆರೆಸಿದರೆ ಹುಳು ಬೀಳದು. ಅದೇ ಬೂದಿ ಇನ್ವರ್ಟರಿನ ಸಂದುಗಳಲ್ಲಿ ಸೇರಿ ತೇವವನ್ನು ಹೀರಿದರೆ ಒಳಗಿನ ತಂತಿದಾರಿಗಳು ಕಿಲುಬು ಹಿಡಿಯುವವು.

ಜೋಳದ ಕೋಣೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತೊಂದಿದೆ. ಈಚೆಗೆ ಅನೇಕರು ನುಸಿಗೆಂದು ಚೀಲಗಳ ನಿಟ್ಟಿನಲ್ಲಿ ಔಷಧದ ಗುಳಿಗೆಗಳನ್ನಿಡುವರು. ಇವು ಸಾಮಾನ್ಯವಾಗಿ ಅಲ್ಯುಮಿನಿಯಂ ಫಾಸ್ಫೈಡ್ ಎಂಬ ವಸ್ತುವಿನವು. ಗಾಳಿಯಲ್ಲಿರುವ ತೇವವು ತಗಲಿದೊಡನೆ ಅವುಗಳಿಂದ ಫಾಸ್ಫೀನ್ ಎಂಬ ಅನಿಲವು ಹೊರಡುವದು. ಹುಳುಗಳನ್ನು ಕೊಲ್ಲುವದು ಆ ಅನಿಲವೇ. ಅದು ತಾಮ್ರವನ್ನು ಬಹು ಬೇಗನೆ ಕೆಡಿಸುವದು, ತೇವವಿದ್ದಲ್ಲಿ ಇನ್ನೂ ಬೇಗನೆ. ವಿದ್ಯುದುಪಕರಣಗಳ ಒಳಗೆ ಇರುವದೆಲ್ಲ ತಾಮ್ರವೇ. ಗುಳಿಗೆಯಿಟ್ಟ ಕೋಣೆಯಲ್ಲಿ ಮೂರು ತಿಂಗಳಿದ್ದ ಯಂತ್ರವು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದು ಒಳಗೆ ಕಪ್ಪಿಟ್ಟಿರಬಹುದು.

ಯಂತ್ರದ ಮಾತು ಹಾಗಿರಲಿ. ಈ ಅನಿಲವು ಗೋಡೆಯ ಬಿರುಕು, ಬಾಗಿಲಿನ ಸಂದುಗಳಿಂದ ಪಕ್ಕದ ಕೋಣೆಗೂ ನುಸುಳುವದು. ಮನುಷ್ಯರಿಗೆ ಇದು ಪ್ರಾಣಾಂತಿಕ ವಿಷ, ಇದಕ್ಕೆ ಪ್ರತಿವಿಷವೆಂಬದಿಲ್ಲ. ನುರಿತವರ ಮೇಲ್ವಿಚಾರಣೆಯಿಲ್ಲದೆ ಬಳಸಬಾರದೆಂದು ಸರಕಾರದ ನಿರ್ಬಂಧವಿದ್ದರೂ, ಮನೆಯೊಳಗೆ ಗುಳಿಗೆಯಿಟ್ಟು ಅದರ ಬದಿಯಲ್ಲಿಯೇ ಮಕ್ಕಳನ್ನು ಮಲಗಿಸುವವರಿದ್ದಾರೆ. ಮಸೂತಿಯ ಸಹೋದರಿಯು ಯಂತ್ರಗಳ ಕಾರಣದಿಂದಲಾದರೂ ಅತ್ತೆಯವರೊಡನೆ ಈ ಮಾತು ತೆಗೆಯಲಿ. ಜೋಳದ ಕೋಣೆಯಲ್ಲಿ ಗುಳಿಗೆಗಳಿದ್ದರೆ ಅಲ್ಲಿಂದ ಮೊದಲು ದೂರವಾಗಬೇಕಾದವರು ಮಕ್ಕಳು, ಟಿ.ವಿ.ಯ ಸರದಿ ಆಮೇಲಿನದು.

ಇನ್ನು ಅಟ್ಟ. ವೈಶಾಖದ ಬಿಸಿಲಿನಲ್ಲಿ ವಿಜಯಪುರ ಸೀಮೆಯ ಉಷ್ಣತೆ 40 ಅಂಶಗಳನ್ನು ದಾಟುವದೆಂಬದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆಯಾದರೆ ಕೆಳಗೆ ತಂಪಿರುವದು ನಿಜ. ತಗಡಿನ ಮಾಡಿನ ಅಟ್ಟವಾದರೆ ಅದು ಒಲೆಯೇ ಸರಿ. ಇದಲ್ಲದೆ ಅಟ್ಟಕ್ಕೇರಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ ನಿಚ್ಚಣಿಕೆಯ ಮೇಲೆ ಪೆಟ್ಟಿಗೆಯು ಓಲಾಡುವದು. ಯಂತ್ರಕ್ಕೆ ಪೆಟ್ಟು ಬೀಳುವದು ಬಹುಮಟ್ಟಿಗೆ ಈ ಏರಿಳಿತದಲ್ಲಿಯೇ. ಇಲಿಗಳ ರಾಜ್ಯವೂ ಅಲ್ಲಿಯೇ ಇರುವದು.

ಯಜಮಾನರು ಹೇಳಿದ ಹೊಸಮನೆಯ ಕೋಣೆಯು ನೋಡುವದಕ್ಕೆ ಎಲ್ಲಕ್ಕೂ ಯುಕ್ತವಾಗಿ ತೋರುವದು. ನಿಜವಾಗಿ, ಗುಳಿಗೆಯಿಟ್ಟ ಕೋಣೆಯನ್ನು ಬಿಟ್ಟರೆ, ಎಲ್ಲಕ್ಕೂ ಕೆಟ್ಟ ಸ್ಥಳವು ಅದೇ. ಗಾರೆ ಸಿಮೆಂಟುಗಳಿಗೆ ದಿನಗಟ್ಟಲೆ ನೀರುಣಿಸಿರುತ್ತೇವಲ್ಲ, ಆ ನೀರೆಲ್ಲ ಎಲ್ಲಿ ಹೋಗಬೇಕು? ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವವು ತಿಂಗಳುಗಟ್ಟಲೆ ಹೊರಬರುತ್ತಲೇ ಇರುವದು. ಬಾಗಿಲು ಮುಚ್ಚಿ ಕೀಲಿ ಹಾಕಿದರೆ ಆ ಆವಿಯು ಕೋಣೆಯೊಳಗೇ ನಿಲ್ಲುವದು. ಸಿಮೆಂಟಿನ ಧೂಳು ಹಿಟ್ಟಿಗಿಂತ ನಯವಾದುದು, ಕ್ಷಾರಗುಣದ್ದು. ತೇವದೊಡನೆ ಕೂಡಿದರೆ ಅದು ಲೋಹವನ್ನು ತಿನ್ನುವದು, ಇರಬಾರದ ಕಡೆಗೆ ವಿದ್ಯುತ್ತು ಹರಿಯಲು ದಾರಿಯನ್ನೂ ಮಾಡಿಕೊಡುವದು. ಕೊನೆಗೆ ನೆಲದ ಕಲ್ಲುಗಳನ್ನು ಕೊಯ್ದು ಕೂಡಿಸಿದ ಮೇಲೆ ಕಲೆ ತೆಗೆಯಲು ಕೆಲಸದವರು ಆ್ಯಸಿಡ್ ಹಾಕಿ ತೊಳೆಯುವರು. ಅದರ ಆವಿಯು ಕಣ್ಣು ಮೂಗುಗಳಿಗೆ ಎಷ್ಟು ಉರಿಯೋ ತಾಮ್ರಕ್ಕೂ ಅಷ್ಟೇ ಉರಿ. ಹೊಸಮನೆಗೆ ಈ ಯಂತ್ರಗಳು ಎಲ್ಲಕ್ಕೂ ಕಡೆಗೆ ಬರಬೇಕು. ಸುಣ್ಣ ಬಣ್ಣಗಳಾಗಿ, ನೆಲ ತೊಳೆದಾಗಿ, ಕಿಟಕಿಗಳನ್ನು ತೆರೆದಿಟ್ಟು ಕೆಲವು ದಿನ ಗಾಳಿಯಾಡಿದ ಮೇಲೆ ತಂದರೆ ಚೆನ್ನು.

ಹಾಗಾದರೆ ಎಲ್ಲಿಡಬೇಕು? ಈಗ ವಾಸವಾಗಿರುವ ಹಳೆಯ ಮನೆಯಲ್ಲಿಯೇ, ಅಡಿಗೆಮನೆ ಬಚ್ಚಲುಗಳಿಂದ ದೂರವಾದ ಒಳಕೋಣೆಯಲ್ಲಿ, ಮಳೆಯ ಹೊಡೆತವಿಲ್ಲದ ಗೋಡೆಯ ಬದಿಗೆ ಇಡಬೇಕು. ಮನುಷ್ಯರು ಮಧ್ಯಾಹ್ನ ಚಾಪೆ ಹಾಕಿ ಸುಖವಾಗಿ ಕೂಡ್ರಬಹುದಾದ ಸ್ಥಳವೇ ಯಂತ್ರಕ್ಕೂ ತಕ್ಕ ಸ್ಥಳ. ನೆಲದ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು. ಆ ಗೇಣಿನಲ್ಲಿ ಗಾಳಿಯಾಡುವದು, ಇಲಿಯೋ ಗೆದ್ದಲೋ ಬಂದರೆ ಕಣ್ಣಿಗೂ ಬೀಳುವದು.

ಯಂತ್ರಗಳನ್ನು ಹೀಗೆ ಕಾಯುವದು ಮಸೂತಿಯವರಿಗೆ ಅಪರಿಚಿತವಾದ ಮಾತಾಗಿರಲಾರದು. ಅವರ ನೆರೆಯ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ ಉಷ್ಣ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವ್ಯಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವ್ಯಾಟು. ಮೊದಲಿನವೆರಡು 2017ರಲ್ಲಿಯೂ ಮೂರನೆಯದು 2018ರಲ್ಲಿಯೂ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಇಷ್ಟು ದೊಡ್ಡ ಸ್ಥಾವರವನ್ನು ಕಟ್ಟುವಲ್ಲಿ ಸಾಮಾನೆಲ್ಲವೂ ಬೇಕಾದ ದಿನವೇ ಬಂದಿಳಿಯುವದು ಅಶಕ್ಯ. ತಿಂಗಳುಗಟ್ಟಲೆ ಮೊದಲೇ ಬಂದು ಕಾಯುವವು. ಇಂಥ ಕಾಮಗಾರಿಗಳಲ್ಲಿ ಬಂದ ಸಾಮಾನನ್ನು ಜಾತಿವಾರು ಬೇರ್ಪಡಿಸುವ ಪದ್ಧತಿಯುಂಟು. ಉಕ್ಕಿನ ತೊಲೆಗಳಿಗೆ ಬಯಲಾದರೂ ಸಾಕು. ಕೊಳವೆ ಕವಾಟಗಳಿಗೆ ಮಾಡು ಬೇಕು. ಮೋಟರುಗಳಿಗೆ ನಾಲ್ಕು ಗೋಡೆ ಬೇಕು. ನಿಯಂತ್ರಣದ ಸೂಕ್ಷ್ಮ ಉಪಕರಣಗಳಿಗೆ ಉಷ್ಣತೆಯನ್ನೂ ತೇವವನ್ನೂ ಹತೋಟಿಯಲ್ಲಿಟ್ಟ ಕೋಣೆಯೇ ಬೇಕು. ದೊಡ್ಡ ಮೋಟರುಗಳೊಳಗೆ ಸಣ್ಣದೊಂದು ಕಾಯಿಸುವ ಸುರುಳಿಯಿರುವದು. ಮೋಟರು ಇನ್ನೂ ಓಡದಿದ್ದರೂ ಆ ಸುರುಳಿಗೆ ಮಾತ್ರ ವಿದ್ಯುತ್ತು ಕೊಟ್ಟು ಒಳಗನ್ನು ಬೆಚ್ಚಗಿಡುವರು, ತೇವ ಕೂಡ್ರಬಾರದೆಂದು. ಮೋಟರಿನ ದಂಡವನ್ನು ಆಗಾಗ ಕೈಯಿಂದ ತಿರುವಿಡುವರು. ಯಾವ ದಿನ ಯಾರು ನೋಡಿದರು, ಏನು ಕಂಡರು ಎಂಬದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವರು.

ಇದರಲ್ಲಿ ಮನೆಯವರು ಅನುಕರಿಸತಕ್ಕುದು ಆ ಪುಸ್ತಕ. ಬಲ್ಬು ಹೊತ್ತಿಸಿ ಕಪಾಟನ್ನು ಬೆಚ್ಚಗಿಡುವ ಉಪಾಯವನ್ನು ಕೆಲವರು ಹೇಳುವರು. ರಟ್ಟಿನ ಪೆಟ್ಟಿಗೆಗಳ ನಡುವೆ ಅದು ಬೆಂಕಿಗೆ ಆಮಂತ್ರಣ, ಬೇಡ. ಒಂದು ನೋಟು ಪುಸ್ತಕದಲ್ಲಿ ಸಾಮಾನು ಬಂದ ದಿನ, ಪೆಟ್ಟಿಗೆಯ ಮೇಲಿನ ಕ್ರಮಾಂಕ, ಬ್ಯಾಟರಿಗೆ ಚಾರ್ಜು ಮಾಡಿಸಿದ ದಿನ ಇಷ್ಟನ್ನು ಬರೆದು ಬಿಲ್ಲಿನೊಡನೆ ಇಟ್ಟರೆ ಸಾಕು.

ತೇವದ ವಿಷಯವನ್ನು ಇನ್ನೂ ತುಸು ವಿವರಿಸಬೇಕು. ಜನರು ಮಳೆಗೆ ಹೆದರುವರು, ಬೆವರಿಗೆ ಹೆದರುವದಿಲ್ಲ. ತಣ್ಣೀರು ತುಂಬಿದ ತಾಮ್ರದ ತಂಬಿಗೆಯು ಶ್ರಾವಣದಲ್ಲಿ ಹೊರಗೆಲ್ಲ ಬೆವರುವದನ್ನು ಯಾರು ನೋಡಿಲ್ಲ? ಆ ನೀರು ತಂಬಿಗೆಯೊಳಗಿನದಲ್ಲ, ಗಾಳಿಯಲ್ಲಿಯ ಆವಿಯು ತಂಪು ಲೋಹಕ್ಕೆ ತಗಲಿ ನೀರಾದುದು. ಗಾಳಿಯ ಉಷ್ಣತೆ 35 ಅಂಶಗಳಿದ್ದು ಆರ್ದ್ರತೆ ಶೇಕಡಾ 70 ಇದ್ದರೆ, 28 ಅಂಶಗಳಿಗೆ ತಂಪಾದ ವಸ್ತುವಿನ ಮೇಲೂ ಹೀಗೆ ಹನಿ ಕಟ್ಟುವದು. ಪೇಟೆಯ ಅಂಗಡಿಯಲ್ಲಿ ಏರ್ ಕಂಡೀಶನಿನ ತಂಪಿನಲ್ಲಿದ್ದ ಟಿ.ವಿ.ಯನ್ನು ಮಳೆಗಾಲದ ಸೆಕೆಯಲ್ಲಿ ಮನೆಗೆ ತಂದು, ಮಕ್ಕಳ ಅವಸರಕ್ಕೆ ಆಗಲೇ ಪೆಟ್ಟಿಗೆ ಬಿಚ್ಚಿ ತಂತಿ ಚುಚ್ಚಿದರೆ, ಕಣ್ಣಿಗೆ ಕಾಣದ ಆ ಬೆವರಿನ ಮೇಲೆಯೇ ವಿದ್ಯುತ್ತನ್ನು ಹರಿಸಿದಂತಾಗುವದು. ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಆರೆಂಟು ತಾಸು, ಸಾಧ್ಯವಿದ್ದರೆ ಒಂದು ರಾತ್ರಿ ಬಿಟ್ಟು ಆಮೇಲೆ ಬಿಚ್ಚಬೇಕು. ಅಷ್ಟರೊಳಗೆ ಯಂತ್ರವು ಕೋಣೆಯ ಉಷ್ಣತೆಗೆ ಬಂದಿರುವದು.

ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಡುವವರು ತೇವವನ್ನು ಹೊರಗಿಟ್ಟೆವೆಂದು ತಿಳಿಯುವರು. ಸುತ್ತುವಾಗ ಒಳಗಿದ್ದ ತೇವವು ಒಳಗೇ ಉಳಿಯಿತೆಂಬದು ಅವರ ಲಕ್ಷ್ಯಕ್ಕೆ ಬರುವದಿಲ್ಲ. ಹಳೆಯ ಹತ್ತಿಯ ದುಪ್ಪಟಿಯನ್ನು ಹೊದಿಸಿದರೆ ಧೂಳು ನಿಲ್ಲುವದು, ಗಾಳಿಯೂ ಆಡುವದು. ಯಂತ್ರದೊಡನೆ ಬರುವ ಸಣ್ಣ ಪೊಟ್ಟಣಗಳಲ್ಲಿ ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳುಗಳಿರುವವು. ಅವನ್ನು ಎಸೆಯದೆ ಒಳಗೇ ಬಿಡಬೇಕು. ಕೆಲವು ಹರಳುಗಳಿಗೆ ನೀಲಿ ಬಣ್ಣ ಕೊಟ್ಟಿರುವರು, ತೇವ ಹೀರಿ ತುಂಬಿದ ಮೇಲೆ ಅವು ಗುಲಾಬಿಯಾಗುವವು. ನೀಲಿ ಬಣ್ಣದ ಆ ಕೋಬಾಲ್ಟ್ ಲವಣವು ಹೊಟ್ಟೆಗೆ ಹೋಗಬಾರದ ವಸ್ತು. ಮಕ್ಕಳು ಸಕ್ಕರೆ ಹರಳೆಂದು ಬಾಯಿಗಿಟ್ಟಾರು, ಮೇಲೆ ಕಣ್ಣಿರಲಿ. ಅದನ್ನು ಕಾಯಿಸಿ ಮತ್ತೆ ಒಣಗಿಸಬಹುದೆಂಬದು ನಿಜ. ಆದರೆ ರೊಟ್ಟಿಯ ಹಂಚಿನ ಮೇಲೆ ಆ ಪ್ರಯೋಗ ಸಲ್ಲದು.

ಮಳೆಗಾಲದ ಶತ್ರುವಿನ ಮಾತು ಇದಾಯಿತು. ದೀಪಾವಳಿಯ ಆಚೆಗೆ, ಗಾಳಿಯು ಒಣಗಿ ತುಟಿ ಒಡೆಯುವ ಕಾಲಕ್ಕೆ, ಸರಿಯಾಗಿ ಜೋಡಣೆಯ ಹೊತ್ತಿಗೇ ಇನ್ನೊಂದು ಶತ್ರು ಬರುವದು. ಚಳಿಗಾಲದ ರಾತ್ರಿ ಕಂಬಳಿ ಸರಿಸಿದಾಗ ಚಟಚಟನೆ ಕಿಡಿ ಹಾರುವದನ್ನು ಕತ್ತಲೆಯಲ್ಲಿ ಎಲ್ಲರೂ ಕಂಡಿರುವರು. ಇದೇ ಘರ್ಷಣ ವಿದ್ಯುತ್ತು. ಎರಡು ವಸ್ತುಗಳು ಒಂದಕ್ಕೊಂದು ತಿಕ್ಕಿ ಅಗಲಿದಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುದಂಶವು ಹೋಗಿ ಅಲ್ಲಿ ನಿಲ್ಲುವದು. ಗ್ರೀಕರು ಶಿಲಾರಾಳವನ್ನು ತಿಕ್ಕಿ ಅದು ಹುಲ್ಲುಕಡ್ಡಿಯನ್ನು ಎಳೆಯುವದನ್ನು ಕಂಡಿದ್ದರು. ಆ ರಾಳಕ್ಕೆ ಅವರಿಟ್ಟ ಹೆಸರೇ ಎಲೆಕ್ಟ್ರಾನ್. ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಎಂದು ನಾವು ದಿನಬೆಳಗಾದರೆ ಅನ್ನುವ ಶಬ್ದಗಳೆಲ್ಲ ಅದರಿಂದಲೇ ಹುಟ್ಟಿದವು.

ಗಾಳಿಯಲ್ಲಿ ತೇವವಿದ್ದರೆ ಈ ವಿದ್ಯುತ್ತು ಮೆಲ್ಲನೆ ಹರಿದುಹೋಗುವದು, ಒಣಗಾಳಿಯಲ್ಲಿ ನಿಂತುಬಿಡುವದು. ಜಮಖಾನೆಯಂಥ ಹಾಸಿನ ಮೇಲೆ ನಡೆದ ಮನುಷ್ಯನ ಮೈಯಲ್ಲಿ, ಆರ್ದ್ರತೆಯು ಶೇಕಡಾ 65ಕ್ಕಿಂತ ಹೆಚ್ಚಿದ್ದಾಗ ಸುಮಾರು 1,500 ವೋಲ್ಟಿನಷ್ಟೂ, ಶೇಕಡಾ 10-20ಕ್ಕೆ ಇಳಿದಾಗ 35,000 ವೋಲ್ಟಿನವರೆಗೂ ಕೂಡಬಹುದೆಂದು ಈ ವಿಷಯದ ಕೈಪಿಡಿಗಳು ಹೇಳುವವು. ಹೆದರಬೇಡಿರಿ, ವೋಲ್ಟು ಬಹಳವಾದರೂ ಅದರ ಮೊತ್ತ ಅತ್ಯಲ್ಪವಾದುದರಿಂದ ಮನುಷ್ಯನಿಗೆ ಅದು ಚುಚ್ಚಿದಂತಾಗುವದು, ಅಷ್ಟೇ. ಸುಮಾರು 3,000 ವೋಲ್ಟಿಗಿಂತ ಕಡಿಮೆಯಾದರೆ ನಮಗೆ ಅದರ ಅರಿವೂ ಆಗುವದಿಲ್ಲ. ಆದರೆ ಯಂತ್ರದೊಳಗಿನ ಕೆಲವು ಅತಿಸೂಕ್ಷ್ಮ ಭಾಗಗಳಿಗೆ 100 ವೋಲ್ಟಿಗಿಂತ ಕಡಿಮೆಯಾದುದೂ ಮಾರಕವಾಗಬಹುದು. ನಮಗೆ ತಿಳಿಯದ ಹಾಗೆ ನಮ್ಮ ಬೆರಳೇ ಅದನ್ನು ಸುಟ್ಟಿರುವದು. ಇದಕ್ಕೂ ಕೆಟ್ಟದೆಂದರೆ, ಎಷ್ಟೋ ವೇಳೆ ಅದು ಪೂರ್ತಿ ಸುಡದೆ ಗಾಯಗೊಂಡು ಉಳಿಯುವದು. ಜೋಡಿಸಿದ ದಿನ ಯಂತ್ರವು ಚೆನ್ನಾಗಿಯೇ ನಡೆದು, ನಾಲ್ಕು ತಿಂಗಳ ಮೇಲೆ ಒಂದು ದಿನ ನಿಂತುಬಿಡುವದು. ಮನೆಯವರು ಕಂಪನಿಯನ್ನು ಬಯ್ಯುವರು, ಕಂಪನಿಯವರು ಕರೆಂಟನ್ನು ಬಯ್ಯುವರು.

ಮುಚ್ಚಿದ ಕವಚದೊಳಗಿರುವ ಟಿ.ವಿ., ಇನ್ವರ್ಟರುಗಳನ್ನು ಹೊರಗಿನಿಂದ ಮುಟ್ಟಿದರೆ ಈ ಭಯವಿಲ್ಲ. ಬಿಚ್ಚಿದ ಹಲಗೆ, ಅಂದರೆ ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡು, ಬಿಡಿಯಾಗಿ ಬಂದಿದ್ದರೆ ಮಾತ್ರ ಎಚ್ಚರ ಬೇಕು. ಅಂಥವು ಬೆಳ್ಳಿಬಣ್ಣದ ಚೀಲದಲ್ಲಿ ಬರುವವು. ಆ ಚೀಲದ ತೆಳುವಾದ ಲೋಹದ ಪದರು ಒಳಗಿರುವದಕ್ಕೆ ಕೋಟೆಯಂತಿರುವದು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ ಆ ಗುಣವಿಲ್ಲ, ಅದು ತಾನಾಗಿ ವಿದ್ಯುತ್ತನ್ನು ಹುಟ್ಟಿಸುವದಿಲ್ಲ, ಅಷ್ಟೇ. ಹಲಗೆಯನ್ನು ಹೊರತೆಗೆದು ಚೀಲದ ಮೇಲಿಟ್ಟರೆ ರಕ್ಷಣೆಯಾಯಿತೆಂದು ಕೆಲಸಗಾರರೂ ಎಷ್ಟೋ ಸಲ ತಿಳಿಯುವರು. ಕೋಟೆಯ ಹೊರಗೆ ಕುಳಿತವನಿಗೆ ಕೋಟೆಯಿಂದೇನು ಪ್ರಯೋಜನ? ಜೋಡಿಸುವವರು ಬರುವವರೆಗೆ ಚೀಲವನ್ನು ಒಡೆಯದಿರುವದೇ ಲೇಸು. ಒಡೆಯಲೇಬೇಕಾದರೆ ಮೊದಲು ನೆಲಕ್ಕೆ ಸಂಪರ್ಕವುಳ್ಳ ಲೋಹವನ್ನು ಮುಟ್ಟಿ, ಅಂಚುಗಳನ್ನು ಮಾತ್ರ ಹಿಡಿದು ಎತ್ತಬೇಕು. ಆ ದಿನ ಹತ್ತಿಯ ಸೀರೆ ಉಟ್ಟಿರುವದು ಒಳ್ಳೆಯದು. ಉಣ್ಣೆಯ ಶಾಲು, ನಾಯ್ಲಾನ್ ಸೀರೆ, ಥರ್ಮಾಕೋಲಿನ ತುಂಡು ಇವು ಹತ್ತಿರವಿರಬಾರದು.

ಬೆಳಕಿನಿಂದಲೂ ಯಂತ್ರವು ಕೆಡಬಲ್ಲದೆಂದರೆ ಕೆಲವರು ನಗುವರು. 2018ರ ಮೇ ತಿಂಗಳಿನಲ್ಲಿ ಉತ್ತರಪ್ರದೇಶದ ಕೈರಾನಾದಲ್ಲಿ ಲೋಕಸಭೆಯ ಉಪಚುನಾವಣೆ ನಡೆದಾಗ, ಮತದ ಚೀಟಿಯನ್ನು ತೋರಿಸುವ ವಿವಿಪ್ಯಾಟ್ ಯಂತ್ರಗಳು ಬಹು ಸಂಖ್ಯೆಯಲ್ಲಿ ಕೈಕೊಟ್ಟವು. ಚುನಾವಣಾ ಆಯೋಗವು ವಿಚಾರಿಸಿ, ಯಂತ್ರದ ಸೂಕ್ಷ್ಮಗ್ರಾಹಿಯ ಮೇಲೆ ಅತಿಯಾದ ಬೆಳಕು ಬಿದ್ದುದನ್ನು ಒಂದು ಕಾರಣವೆಂದು ಕಂಡುಕೊಂಡಿತು. ಆಮೇಲೆ ಆ ಭಾಗಕ್ಕೆ ಮರೆಯೊಂದನ್ನು ಕೂಡಿಸಿದರು, ಚೀಟಿಯ ಕಾಗದಕ್ಕೂ ತೇವ ತಗಲದಂತೆ ಏರ್ಪಡಿಸಿದರು. ಈ ಯಂತ್ರಗಳನ್ನು ಮಾಡುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ದೇಶದ ಮತವನ್ನು ಎಣಿಸುವ ಯಂತ್ರವನ್ನೇ ಇಡುವ ಜಾಗದ ಬೆಳಕು, ತೇವಗಳು ಕಾಡಿಸಿದ ಮೇಲೆ ಮನೆಯ ಯಂತ್ರದ ಪಾಡೇನು!

ಬೆಳಕಿನ ಮಾತು ಬಂದುದರಿಂದ ಸೋಲಾರ್ ಪ್ಯಾನೆಲುಗಳಿಗೆ ಬರುವೆನು. ಮಿಕ್ಕ ಯಂತ್ರಗಳು ತಂತಿ ಚುಚ್ಚುವವರೆಗೆ ನಿರ್ಜೀವ, ಪ್ಯಾನೆಲು ಹಾಗಲ್ಲ. ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ಒರಗಿಸಿದ ಕ್ಷಣವೇ ಅದು ವಿದ್ಯುತ್ತನ್ನು ಹುಟ್ಟಿಸಲಾರಂಭಿಸುವದು, ಅದನ್ನು ನಿಲ್ಲಿಸುವ ಗುಂಡಿಯಿಲ್ಲ. ದೊಡ್ಡ ಪ್ಯಾನೆಲೊಂದು ಬಿಸಿಲಿನಲ್ಲಿ 50 ವೋಲ್ಟಿನ ಹತ್ತಿರ ಕೊಡುವದು. ಆರನ್ನೂ ಒಂದರ ಹಿಂದೊಂದು ಜೋಡಿಸಿದರೆ ಸುಮಾರು 300 ವೋಲ್ಟು, ಅದೂ ಏಕಮುಖ ವಿದ್ಯುತ್ತು. ಇದು ಮನುಷ್ಯನನ್ನು ಕೊಲ್ಲಬಲ್ಲದು. ಆದುದರಿಂದ ಹುಡುಗರು “ನೋಡೋಣ” ಎಂದು ತುದಿಗಳನ್ನು ಒಂದಕ್ಕೊಂದು ಚುಚ್ಚಿ ಆಡಬಾರದು. ಗಾಜಿನ ಮುಖಕ್ಕೆ ದಪ್ಪ ಕಪ್ಪು ಬಟ್ಟೆಯನ್ನು ಮುಚ್ಚಿ, ತಂತಿಯ ಬಾಯಿಗಳಿಗೆ ಟೊಪ್ಪಿಗೆ ಹಾಕಿ, ನೆಳಲಿನಲ್ಲಿ ನಿಲ್ಲಿಸಿಡಬೇಕು. ಅಡ್ಡಮಲಗಿಸಿ ಮೇಲೆ ಭಾರ ಹೇರಬಾರದು. ನಮ್ಮಲ್ಲಿ ಏನನ್ನಾದರೂ ಹೊರುವದೆಂದರೆ ತಲೆಯ ಮೇಲೆಯೇ. ಸಿಂಬಿಯ ಮೇಲೆ ಪ್ಯಾನೆಲು ಹೊತ್ತು ತಂದರೆ ಗಾಜು ಒಡೆಯದು, ಆದರೆ ಅದರ ಕೆಳಗಿನ ಕಾಗದದಷ್ಟು ತೆಳುವಾದ ಸಿಲಿಕಾನ್ ಬಿಲ್ಲೆಗಳಲ್ಲಿ ಕೂದಲೆಳೆಯ ಬಿರುಕುಗಳು ಬೀಳುವವು. ಅವು ಕಣ್ಣಿಗೆ ಕಾಣುವದಿಲ್ಲ, ವರುಷಗಳು ಕಳೆದಂತೆ ವಿದ್ಯುತ್ತು ಕಡಿಮೆಯಾಗುವದು. ಇಬ್ಬರು ಎರಡೂ ಅಂಚು ಹಿಡಿದು ನಿಲುವಾಗಿ ತರಬೇಕು.

ಟಿ.ವಿ.ಗೂ ಇದೇ ನಿಯಮ, ನಿಲ್ಲಿಸಿಯೇ ಇಡಬೇಕು, ನಿಲ್ಲಿಸಿಯೇ ಒಯ್ಯಬೇಕು. ಪೆಟ್ಟಿಗೆಯ ಮೇಲೆ ಮೇಲ್ಮುಖದ ಎರಡು ಬಾಣಗಳು, ಕೊಡೆ, ಗಾಜಿನ ಬಟ್ಟಲು ಇವುಗಳ ಚಿತ್ರಗಳಿರುವದು ಶೋಭೆಗಲ್ಲ. ಬಾಣವು ಮೇಲಾಗಿರಬೇಕು, ಕೊಡೆಯೆಂದರೆ ನೀರು ತಗಲಬಾರದು, ಬಟ್ಟಲೆಂದರೆ ಒಡೆಯತಕ್ಕ ವಸ್ತು. ಅಕ್ಷರ ಬಾರದ ಹಮಾಲನಿಗೂ ತಿಳಿಯಲೆಂದು ಈ ಚಿತ್ರಭಾಷೆ ಹುಟ್ಟಿತು. ಅಕ್ಷರ ಬಲ್ಲ ನಾವೇ ಅದನ್ನು ಓದದೆ ಪೆಟ್ಟಿಗೆಯನ್ನು ಮಗ್ಗುಲಾಗಿ ಕೆಡವುತ್ತೇವೆ.

ಬ್ಯಾಟರಿಯನ್ನು ಉಳಿದುದರಂತೆ ಇಟ್ಟು ಮರೆಯುವ ಹಾಗಿಲ್ಲ. ಸೀಸ-ಆಮ್ಲದ ಬ್ಯಾಟರಿಯು ಏನನ್ನೂ ನಡೆಸದಿದ್ದರೂ ತನ್ನ ಶಕ್ತಿಯನ್ನು ತಾನೇ ಮೆಲ್ಲಮೆಲ್ಲನೆ ಕಳೆದುಕೊಳ್ಳುವದು. ಸೆಕೆ ಹೆಚ್ಚಿದಷ್ಟು ಬೇಗ ಕಳೆದುಕೊಳ್ಳುವದು, 10 ಅಂಶ ಉಷ್ಣತೆ ಏರಿದರೆ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದರ ಸೀಸದ ತಟ್ಟೆಗಳ ಮೇಲೆ ಬಿಳಿಯ ಗಟ್ಟಿ ಹರಳು ಕಟ್ಟುವದು, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಂದಿನ ಬಲ ಬಾರದು. ತುಂಬಿದ 12 ವೋಲ್ಟಿನ ಬ್ಯಾಟರಿಯು ಅಳೆದರೆ 12.7ರ ಹತ್ತಿರ ತೋರಿಸುವದು. 12.4ಕ್ಕೆ ಇಳಿಯಿತೆಂದರೆ ಮತ್ತೆ ತುಂಬಿಸಬೇಕು. ಅಳೆಯುವ ಸಾಧನವಿಲ್ಲದವರು ಎರಡು ತಿಂಗಳಿಗೊಮ್ಮೆ ಅಂಗಡಿಯವರಿಂದ ಚಾರ್ಜು ಮಾಡಿಸಲಿ. ಯುಗಾದಿಗೆ ತಂದ ಬ್ಯಾಟರಿಗೆ ದೀಪಾವಳಿಯೊಳಗೆ ಹೀಗೆ ಮೂರು ಸಲವಾದರೂ ಆಗಬೇಕು. ಚಾರ್ಜಾಗುವಾಗ ಹೊರಡುವ ಜಲಜನಕವು ಹೊತ್ತಿಕೊಳ್ಳುವ ವಾಯು. ದೀಪ ಉರಿಯುವ ದೇವರ ಕೋಣೆಯಲ್ಲಿ, ಒಲೆಯ ಬದಿಯಲ್ಲಿ ಆ ಕೆಲಸ ಕೂಡದು.

ಬ್ಯಾಟರಿಯನ್ನು ಸಿಮೆಂಟಿನ ನೆಲದ ಮೇಲಿಟ್ಟರೆ ನೆಲವು ಶಕ್ತಿಯನ್ನು ಹೀರುವದೆಂಬ ಮಾತು ಊರೂರಲ್ಲಿಯೂ ಇದೆ. ಹಿಂದೆ ರಬ್ಬರಿನ ಕವಚಗಳಿದ್ದ ಕಾಲಕ್ಕೆ ಅದರಲ್ಲಿ ತಥ್ಯವಿತ್ತು, ಈಗಿನ ಪ್ಲಾಸ್ಟಿಕ್ ಕವಚಕ್ಕೆ ಅದು ಅನ್ವಯಿಸದು. ಆದರೂ ಹಲಗೆಯ ಮೇಲೆಯೇ ಇಡಲಿ, ಆಮ್ಲ ಜಿನುಗಿದರೆ ನೆಲವಾದರೂ ಉಳಿಯುವದು. ಲಿಥಿಯಂ ಬ್ಯಾಟರಿಯಾಗಿದ್ದರೆ ರೀತಿ ಬೇರೆ. ಅದನ್ನು ಪೂರ್ತಿ ತುಂಬಿಸದೆ ಅರ್ಧದಷ್ಟು ತುಂಬಿಸಿ ತಂಪಿನಲ್ಲಿಡಬೇಕು. ಉಬ್ಬಿದ್ದು ಕಂಡರೆ ಮನೆಯೊಳಗೆ ಒಂದು ಗಳಿಗೆಯೂ ಇಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯಿತು, ಕೊಂಡವರಿಗೆ ಅದು ರುಚಿಸದು. ವಾರಂಟಿಯ ಅವಧಿಯು ಸಾಮಾನ್ಯವಾಗಿ ಬಿಲ್ಲಿನ ದಿನದಿಂದಲೇ ಎಣಿಕೆಯಾಗುವದು, ಗೃಹಪ್ರವೇಶದ ದಿನದಿಂದಲ್ಲ. ಒಂದು ವರುಷದ ವಾರಂಟಿಯಲ್ಲಿ ಏಳು ತಿಂಗಳು ಪೆಟ್ಟಿಗೆಯಲ್ಲಿಯೇ ಕಳೆದರೆ ಉಳಿಯುವದೆಷ್ಟು? ರಿಯಾಯತಿಯಲ್ಲಿ ಉಳಿಸಿದ ಹಣ ಹೀಗೆ ಇನ್ನೊಂದು ಬಾಗಿಲಿನಿಂದ ಹೊರಡುವದು. ಇನ್ನು ಮುಂದೆ ಕೊಳ್ಳುವವರು ಅಂಗಡಿಯವರೊಡನೆ ಬೆಲೆಯನ್ನು ಗೊತ್ತುಮಾಡಿ ತುಸು ಮುಂಗಡ ಕೊಟ್ಟು, ಸಾಮಾನು ಬಿಲ್ಲುಗಳನ್ನು ಜೋಡಣೆಯ ವಾರಕ್ಕೆ ತರಿಸಿಕೊಳ್ಳಬಹುದೇ ಎಂದು ವಿಚಾರಿಸಲಿ. ಅನೇಕ ವ್ಯಾಪಾರಿಗಳು ಇದಕ್ಕೆ ಒಪ್ಪುವರು.

ಈಗಾಗಲೇ ತಂದಿರುವ ಮಸೂತಿಯ ಸಹೋದರಿಯು ಈ ವಾರದಲ್ಲಿಯೇ ಟಿ.ವಿ. ಪೆಟ್ಟಿಗೆಯನ್ನು ಶುಚಿಯಾದ ಜಾಗದಲ್ಲಿ ಬಿಚ್ಚಿಸಿ, ಒಂದು ತಾಸು ನಡೆಸಿ ನೋಡಿ, ಚಿತ್ರ ತೆಗೆದಿಟ್ಟುಕೊಂಡು ಮೊದಲಿನಂತೆಯೇ ಕಟ್ಟಿಸಲಿ. ಇನ್ವರ್ಟರನ್ನು ಅಂಗಡಿಯ ಕೆಲಸಗಾರನು ಬ್ಯಾಟರಿಗೆ ಕೂಡಿಸಿ ತೋರಿಸಲಿ. ದೋಷವಿದ್ದರೆ ಈಗ ತಿಳಿದರೆ ಬದಲಿಸಿ ಕೊಡುವರು, ದೀಪಾವಳಿಗೆ ತಿಳಿದರೆ ವಾದವೇ ಗತಿ. ಪರೀಕ್ಷೆ ಮುಗಿದು ತಂತಿ ಬಿಚ್ಚಿದ ಕೂಡಲೆ ಇನ್ವರ್ಟರಿನ ಒಳಗೆ ಕೈಯಿಡಬಾರದು. ಅದರ ಕೆಪ್ಯಾಸಿಟರುಗಳಲ್ಲಿ ಹತ್ತು ನಿಮಿಷವಾದರೂ ವಿದ್ಯುತ್ತು ನಿಂತಿರುವದು.

ಜೋಡಣೆಯಾದ ಮೇಲೆ ಪೆಟ್ಟಿಗೆ, ಥರ್ಮಾಕೋಲುಗಳನ್ನು ನೀರೊಲೆಗೆ ಹಾಕಬಹುದೇ ಎಂದೂ ಅವರು ಕೇಳಿರುವರು. ಟಿ.ವಿ.ಯ ಪೆಟ್ಟಿಗೆಯನ್ನು ವಾರಂಟಿ ಮುಗಿಯುವವರೆಗೆ ಇಡಲಿ, ರಿಪೇರಿಗೆ ಒಯ್ಯಬೇಕಾದರೆ ಅದರಂಥ ಕವಚ ಇನ್ನೊಂದಿಲ್ಲ. ಮಿಕ್ಕ ರಟ್ಟನ್ನು ಬೇಕಾದರೆ ಉರಿಸಬಹುದು. ಥರ್ಮಾಕೋಲನ್ನು ಮಾತ್ರ ಒಲೆಗೆ ಹಾಕಬಾರದು, ಅದರ ಕರಿಯ ಹೊಗೆ ವಿಷ. ಹೊಸಮನೆಗೆ ನೆಲಸಂಪರ್ಕ, ಅಂದರೆ ಅರ್ಥಿಂಗ್, ಹೇಗೆ ಮಾಡಿಸಬೇಕೆಂಬ ಅವರ ಇನ್ನೊಂದು ಪ್ರಶ್ನೆಗೆ, ಕರೀ ಎರೆಯ ನೆಲದ ಗುಣವನ್ನೂ ಕೂಡಿಸಿ ಬರುವ ಸಂಚಿಕೆಯಲ್ಲಿ ಬರೆಯುವೆನು.